ಸುಣ್ಣದ ಮಣ್ಣಿಗೆ ಒಗ್ಗದ ಗಿಡಗಳು: ದಾವಣಗೆರೆ, ದುರ್ಗದ ಮನೆಗಳಿಗೆ ಯಾವುದು ತರಬಹುದು, ಯಾವುದು ಬೇಡ

ಮಳೆಗಾಲ ಹಿಡಿಯುತ್ತಿದ್ದ ಹಾಗೆ ನಮ್ಮ ಕಡೆಯವರ ಪ್ರಶ್ನೆಗಳು ಶುರುವಾಗುತ್ತವೆ. ಶೃಂಗೇರಿಯಿಂದ ಬರುವಾಗ ಗಂಧರಾಜ ತರಲಾ, ಹೈಡ್ರೇಂಜಿಯಾ ತರಲಾ? ಪೊದೆ ಮೆಣಸು ದಾವಣಗೆರೆಯಲ್ಲಿ ಬರುತ್ತಾ? ಆನ್‌ಲೈನ್‌ನಲ್ಲಿ ಬ್ಲೂಬೆರಿ ಗಿಡ ಸಿಗುತ್ತಿದೆ, ತರಿಸಬಹುದಾ? ತಂದವರ ಕಥೆಯೂ ಹೆಚ್ಚುಕಮ್ಮಿ ಒಂದೇ. ಎರಡು ತಿಂಗಳು ಗಿಡ ನಳನಳಿಸುತ್ತದೆ. ಆಮೇಲೆ ಸುಳಿಯ ಎಲೆ ಹಳದಿಯಾಗುತ್ತದೆ. ಗೊಬ್ಬರ ಹಾಕಿದರೆ ಇನ್ನೂ ಹಳದಿ.

ಇವೆಲ್ಲ ಹುಳಿ ಮಣ್ಣಿನ ಗಿಡಗಳು. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಪಿಎಚ್ ಸಾಮಾನ್ಯವಾಗಿ 5-6ರ ಆಸುಪಾಸು ಇರುತ್ತದೆ. ಮಣ್ಣು ಪರೀಕ್ಷೆಯ ವರದಿಯಲ್ಲಿ ರಸಸಾರ ಅಂತ ಬರೆದಿರುತ್ತಾರಲ್ಲ, ಅದೇ ಇದು; 7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ನಮ್ಮ ಎರೆ ಮಣ್ಣಿನಲ್ಲಿ ಅದು 8 ದಾಟುವುದು ಮಾಮೂಲು. ಹೊಲ ಅಗೆದರೆ ಬಿಳಿ ಸುಣ್ಣದ ಹರಳುಗಳೂ ಕೈಗೆ ಸಿಗುತ್ತವೆ.

ಹಳದಿ ಯಾಕೆ ಆಗುತ್ತದೆ ಅನ್ನುವುದು ಚಳ್ಳಕೆರೆ ಕಡೆ ಶೇಂಗಾ ಬೆಳೆಯುವವರಿಗೆ ಹೇಳಿಕೊಡಬೇಕಾಗಿಲ್ಲ. ಸುಣ್ಣ ಜಾಸ್ತಿ ಇರುವ ಹೊಲದಲ್ಲಿ ತೇವ ಹಿಡಿದು ನಿಂತರೆ ಶೇಂಗಾದ ಎಳೆ ಎಲೆ ಬಿಳಿಚಿಕೊಳ್ಳುತ್ತದೆ. ಆಗ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಸಿಂಪಡಿಸುತ್ತಾರೆ. ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಬೇಕಾದಷ್ಟಿದೆ, ಆದರೆ ಕರಗುವುದಿಲ್ಲ. ಪಿಎಚ್ ಒಂದೊಂದು ಅಂಕಿ ಏರಿದ ಹಾಗೂ ಕರಗಿದ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಕಮ್ಮಿಯಾಗುತ್ತ ಹೋಗುತ್ತದೆ. ಸುಣ್ಣ ತಡೆಯುವ ಗಿಡಗಳು ಬೇರಿನಿಂದ ತಾವೇ ಹುಳಿ ಒಸರಿಸಿ ಒಂದಿಷ್ಟು ಕಬ್ಬಿಣ ಕರಗಿಸಿಕೊಳ್ಳುತ್ತವೆ. ಹುಳಿ ಮಣ್ಣಿನಲ್ಲಿ ಹುಟ್ಟಿ ಬೆಳೆದವಕ್ಕೆ ಆ ವಿದ್ಯೆ ಅಷ್ಟಾಗಿ ಇಲ್ಲ.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದು ಕಬ್ಬಿಣದ ಸಮಸ್ಯೆ. ಕೆಳಗಿನ ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕ ಸಾಲದು, ಇಲ್ಲವೇ ನೀರು ಜಾಸ್ತಿಯಾಗಿದೆ. ಎಲೆಯ ಅಂಚು ಸುಟ್ಟ ಹಾಗೆ ಕಂದು ಆಗಿದ್ದರೆ ನೀರಿನ ಉಪ್ಪು. ಇಷ್ಟು ನೋಡಿಕೊಳ್ಳದೆ ಔಷಧಿ ಅಂಗಡಿಗೆ ಓಡಬೇಡಿ.

ಆರಿಸುವ ಮುಂಚೆ ನೋಡಬೇಕಾದ್ದು

ಎಲ್ಲರೂ ಮಣ್ಣಿನ ಬಗ್ಗೆ ಕೇಳುತ್ತಾರೆ. ನಾನು ನೀರಿನ ಬಗ್ಗೆ ತಿರುಗಿ ಕೇಳುತ್ತೇನೆ. ಮಣ್ಣನ್ನು ಒಂದು ಸಲ ಬದಲಾಯಿಸಬಹುದು, ನೀರು ದಿನಾ ಹಾಕಬೇಕು. ಬೋರ್‌ವೆಲ್ ನೀರಿನಲ್ಲಿರುವ ಬೈಕಾರ್ಬೊನೇಟ್ ಕುಂಡದಲ್ಲಿ ದಿನಾ ಒಂಚೂರು ಸುಣ್ಣ ಬಿಟ್ಟು ಹೋಗುತ್ತದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ಕುಂಡದ ಒಳಗೂ ಕಟ್ಟುತ್ತದೆ. ಎಷ್ಟೇ ಒಳ್ಳೆ ಹುಳಿ ಮಣ್ಣು ತುಂಬಿಸಿದರೂ ಬೋರ್ ನೀರು ಹಾಕುತ್ತ ಹೋದರೆ ಒಂದೆರಡು ವರ್ಷದಲ್ಲಿ ಅದು ನಮ್ಮ ಕಡೆ ಮಣ್ಣೇ ಆಗಿಬಿಡುತ್ತದೆ.

ಹಾಗಾಗಿ ಮೊದಲ ಅಳತೆ: ನಿಮ್ಮ ಮನೆಗೆ ಯಾವ ನೀರು ಬರುತ್ತದೆ? ಹೊಳೆ ನೀರೋ ಕೆರೆ ನೀರೋ ನಲ್ಲಿಯಲ್ಲಿ ಬರುತ್ತಿದ್ದರೆ ಪರವಾಗಿಲ್ಲ, ಬೋರ್‌ಗಿಂತ ಹಗುರ, ಅಂದರೆ ಸುಣ್ಣ ಕಮ್ಮಿ. ಬರೀ ಬೋರ್ ಆದರೆ ಮಳೆ ನೀರು ಹಿಡಿಯುವ ಏರ್ಪಾಡು ಬೇಕು. ದುರ್ಗದ ಕಡೆ ಮಳೆ ಕಮ್ಮಿ ಅಂತ ಕೈಬಿಡಬೇಡಿ. ವರ್ಷಕ್ಕೆ 500 ಮಿಲಿಮೀಟರ್ ಅಂತ ಹಿಡಿದರೂ ಸಾವಿರ ಚದರ ಅಡಿ ತಾರಸಿಯ ಮೇಲೆ 46 ಸಾವಿರ ಲೀಟರ್ ಬೀಳುತ್ತದೆ. ನಮಗೆ ಬೇಕಾದ್ದು ಅದರಲ್ಲಿ ಒಂದು ಚೂರು. 12 ಇಂಚಿನ ಕುಂಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಅಂತ ಇಟ್ಟುಕೊಳ್ಳಿ. ಐದು ಕುಂಡ, ಫೆಬ್ರವರಿಯಿಂದ ಮೇ ತನಕ ನಾಲ್ಕು ತಿಂಗಳು: 900 ಲೀಟರ್. ಸಾವಿರ ಲೀಟರಿನ ಒಂದು ಕಪ್ಪು ಟ್ಯಾಂಕ್, ಮುಚ್ಚಳ ಸರಿಯಾಗಿರುವುದು, ಸಾಕು. ಒಂದು ಎಚ್ಚರ: ಬೇಸಿಗೆ ಸೆಕೆಗೆ ಅಂತ ತಾರಸಿಗೆ ಸುಣ್ಣ ಹೊಡೆಸಿದ್ದರೆ ಮೊದಲ ಕೆಲವು ಮಳೆಯ ನೀರು ಹಿಡಿಯಬೇಡಿ. ಸುಣ್ಣದಿಂದ ತಪ್ಪಿಸಿಕೊಳ್ಳಲು ಹೋಗಿ ಸುಣ್ಣವನ್ನೇ ತುಂಬಿಸಿಟ್ಟ ಹಾಗಾಗುತ್ತದೆ.

ಟ್ಯಾಂಕ್ ಇಡಲು ಜಾಗ ಇಲ್ಲದ ಬಾಡಿಗೆ ಮನೆಯವರಿಗೆ ಬೇರೆ ದಾರಿ ಇದೆ. ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಸಿಗುವ ಕಡೆ ಲೆಕ್ಕ ಹಾಕಿ ನೋಡಿ. ಐದು ಕುಂಡಕ್ಕೆ ತಿಂಗಳಿಗೆ 225 ಲೀಟರ್, ಅಂದರೆ ಹನ್ನೊಂದು-ಹನ್ನೆರಡು ಕ್ಯಾನ್, ಅರವತ್ತು ರೂಪಾಯಿ ಒಳಗೆ. ಹೊತ್ತು ತರುವ ಕಷ್ಟ ಬೇರೆ. ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರೂ ಒಳ್ಳೆಯದೇ, ಅದರಲ್ಲಿ ಸುಣ್ಣ ಇರುವುದಿಲ್ಲ. ಮನೆಯ ಆರ್‌ಒ ಮೆಷಿನ್ ಹೊರಗೆ ಬಿಡುವ ನೀರನ್ನು ಮಾತ್ರ ಈ ಗಿಡಗಳಿಗೆ ಹಾಕಲೇಬೇಡಿ. ನೀರು ಹಾಳಾಗಬಾರದು ಅಂತ ಎಷ್ಟೋ ಜನ ಅದನ್ನೇ ಗಿಡಕ್ಕೆ ಹಾಕುತ್ತಾರೆ. ಮೆಷಿನ್ ತೆಗೆದ ಸುಣ್ಣ, ಉಪ್ಪು ಎಲ್ಲ ಅದರಲ್ಲೇ ಸೇರಿರುತ್ತದೆ. ಸಾಫ್ಟನರ್ ಹಾಕಿದ ನೀರೂ ಬೇಡ. ಅದರಲ್ಲಿ ಸೋಡಿಯಂ ಬರುತ್ತದೆ.

ಎರಡನೆಯ ಅಳತೆ ಬಿಸಿಲು. ಏಪ್ರಿಲ್‌ನಲ್ಲಿ 38 ಡಿಗ್ರಿ ಮುಟ್ಟುವ ಊರು ನಮ್ಮದು, ಗಾಳಿಯೂ ಒಣ. ಕೆಲವು ಗಿಡಗಳಿಗೆ ಮಣ್ಣು ಸರಿ ಮಾಡಿಕೊಡಬಹುದು, ಹವಾ ಮಾಡಿಕೊಡಲು ಆಗಲ್ಲ. ಮೂರನೆಯದು, ಗಿಡ ಕುಂಡದಲ್ಲೇ ಜೀವನ ಕಳೆಯಬಲ್ಲದಾ? ನೆಲಕ್ಕೆ ಇಳಿಯಲೇಬೇಕಾದ ಮರದ ಜಾತಿಯಾದರೆ ಬೇರು ಇವತ್ತಲ್ಲ ನಾಳೆ ಸುಣ್ಣ ಮುಟ್ಟುತ್ತದೆ. ದುಡ್ಡು ಕೊನೆಯ ಅಳತೆ. ಗಿಡದ ಬೆಲೆಯಲ್ಲ, ತಿಂಗಳು ತಿಂಗಳು ಅದು ಕೇಳುವ ಆರೈಕೆ.

ನೆಲದಲ್ಲೇ ನೆಡುವ ಯೋಚನೆ ಇದ್ದರೆ ಒಂದು ಚಿಕ್ಕ ಪರೀಕ್ಷೆ ಮಾಡಿ. ಒಣಗಿದ ಮಣ್ಣು ಒಂದು ಚಮಚ ತೆಗೆದು, ಅದರ ಮೇಲೆ ವಿನೆಗರ್ ಹನಿಸಿ. ಬುರುಬುರು ನೊರೆ ಬಂದರೆ ಬಿಡಿ ಸುಣ್ಣ ಇದೆ, ಆ ಜಾಗ ಈ ಗಿಡಗಳಿಗಲ್ಲ. ಹೊಳಲ್ಕೆರೆ, ಹೊಸದುರ್ಗದ ಕಡೆ ಕೆಂಪು ಮಣ್ಣಿನಲ್ಲಿ ಎಷ್ಟೋ ಸಲ ನೊರೆ ಬರುವುದೇ ಇಲ್ಲ. ಅಂಥ ಜಾಗದವರು ಅದೃಷ್ಟವಂತರು. ಆದರೆ ಕಾಂಪೌಂಡ್ ಪಕ್ಕದ ಮಣ್ಣು ನಂಬಬೇಡಿ. ಮನೆ ಕಟ್ಟುವಾಗ ಗಾರೆಯವರು ಬಿಟ್ಟುಹೋದ ಸಿಮೆಂಟು, ಸುಣ್ಣ, ಇಟ್ಟಿಗೆ ಚೂರು ಅಲ್ಲೇ ಹೂತಿರುತ್ತದೆ. ಸರಿಯಾದ ಅಂಕಿ ಬೇಕಾದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನ ಬಬ್ಬೂರು ಫಾರಂನ ಕೇಂದ್ರ, ಇವುಗಳಲ್ಲಿ ವಿಚಾರಿಸಿ. ಮಣ್ಣಿನ ಜೊತೆ ಒಂದು ಬಾಟಲಿ ನೀರನ್ನೂ ಪರೀಕ್ಷೆ ಮಾಡಿಸುವುದನ್ನು ಮರೆಯಬೇಡಿ.

ಒಂದೊಂದೇ ಗಿಡ

ಕೇಪಳ, ಅಂದರೆ ನರ್ಸರಿಯವರು ಇಕ್ಸೋರಾ ಅನ್ನುವುದು, ಈ ಗುಂಪಿನಲ್ಲಿ ಎಲ್ಲಕ್ಕಿಂತ ಸುಲಭ. ಬಿಸಿಲು ತಡೆಯುತ್ತದೆ, ಕುಂಡದಲ್ಲಿ ಹತ್ತಾರು ವರ್ಷ ಇರುತ್ತದೆ, ಪೂಜೆಗೆ ಹೂ ಕೊಡುತ್ತದೆ. ಬೆಲೆಯೂ ನೂರಿನ್ನೂರು ರೂಪಾಯಿ ಒಳಗೇ. ಸುಣ್ಣಕ್ಕೆ ಹಳದಿಯಾಗುವುದು ನಿಜ, ಆದರೆ ಒಮ್ಮೆಲೇ ಸಾಯುವುದಿಲ್ಲ. ನಾಲ್ಕು ದಿನ ಬೋರ್ ನೀರು ಹಾಕಬೇಕಾಗಿ ಬಂದರೂ ಕ್ಷಮಿಸುತ್ತದೆ. ಮೊದಲ ಸಲ ಹುಳಿ ಮಣ್ಣಿನ ಗಿಡ ಸಾಕುವವರಿಗೆ ನಾನು ಹೇಳುವುದು ಇದನ್ನೇ.

ಗಂಧರಾಜದ ಘಮ ಬೇರೆ ಯಾವ ಹೂವಿಗೂ ಬರುವುದಿಲ್ಲ, ಒಪ್ಪಿದೆ. ಆದರೆ ಹಟದ ಗಿಡ. ಪಿಎಚ್ 5ರಿಂದ 6ರ ಒಳಗೆ ಇರಬೇಕು, ನೀರು ಹಗುರ ಇರಬೇಕು. ಮೊಗ್ಗು ಬಿಟ್ಟ ಹೊತ್ತಿಗೆ ಒಣ ಬಿಸಿಗಾಳಿ ಹೊಡೆದರೆ ಮೊಗ್ಗು ಅರಳದೆ ಉದುರುತ್ತವೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಪೂರ್ವ ದಿಕ್ಕಿನ ಜಗಲಿ ಇದ್ದು, ಮಳೆ ನೀರು ಶೇಖರಣೆ ಇದ್ದರೆ ಧೈರ್ಯ ಮಾಡಿ. ಎರಡರಲ್ಲಿ ಒಂದು ಇಲ್ಲ ಅಂದರೆ ದುಂಡುಮಲ್ಲಿಗೆ ಹಾಕಿಕೊಳ್ಳಿ. ಬಿಳಿ ಹೂವಷ್ಟೇ ಸಾಕು ಅನ್ನುವವರಿಗೆ ನಂದಿಬಟ್ಟಲು ಇದ್ದೇ ಇದೆ, ಅದಕ್ಕೆ ನಮ್ಮ ಮಣ್ಣಿನ ಬಗ್ಗೆ ಅಂಥ ತಕರಾರಿಲ್ಲ.

ಹೈಡ್ರೇಂಜಿಯಾ ಕೇಳುವವರು ಸಾಮಾನ್ಯವಾಗಿ ಕೊಡಗು, ಚಿಕ್ಕಮಗಳೂರಲ್ಲಿ ನೀಲಿ ಹೂ ನೋಡಿ ಬಂದವರು. ಆ ನೀಲಿ ಮಣ್ಣಿನ ಕೊಡುಗೆ. ಹುಳಿ ಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಂ ಹೂವಿಗೆ ಏರಿ ನೀಲಿ ಬಣ್ಣ ಬರುತ್ತದೆ. ನಮ್ಮ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗುವುದಿಲ್ಲ, ಅದೇ ಗಿಡ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಸುಣ್ಣದಿಂದ ಸಾಯುವುದಕ್ಕಿಂತ ಇದು ಬಿಸಿಲಿಗೆ ಸಾಯುವುದು ಜಾಸ್ತಿ. ದೊಡ್ಡ ತೆಳು ಎಲೆ, ಮಧ್ಯಾಹ್ನ ಹನ್ನೆರಡಕ್ಕೆ ಬಾಡಿ ಜೋತು ಬೀಳುತ್ತದೆ. ನೀಲಿಗೋಸ್ಕರ ತರುವುದಾದರೆ ಬೇಡ ಅಂತಲೇ ನನ್ನ ಮಾತು.

ಅಜೇಲಿಯಾ, ಕ್ಯಾಮೆಲಿಯಾ ಎರಡೂ ಬೇಡ. ಅವುಗಳ ಮಣ್ಣಿನ ಹಟ ಒಂದು ಕಡೆ ಇರಲಿ, ತಂಪು ಹವಾ ಇಲ್ಲಿ ಎಲ್ಲಿಂದ ತರುವುದು?

ಬ್ಲೂಬೆರಿಯದು ದುಬಾರಿ ಆಸೆ. ಪಿಎಚ್ 4.5ರಿಂದ 5.5ರ ಒಳಗೆ ಬೇಕು, ಈ ಪಟ್ಟಿಯಲ್ಲಿ ಅತಿ ಹುಳಿ ಕೇಳುವ ಗಿಡಗಳಲ್ಲಿ ಇದೂ ಒಂದು. ಇದರ ಬೇರಿಗೆ ಬೇರುರೋಮಗಳೇ ಇರುವುದಿಲ್ಲ, ಹಾಗಾಗಿ ಸಿಕ್ಕಿದ್ದರಲ್ಲಿ ಸುಧಾರಿಸಿಕೊಳ್ಳುವ ಶಕ್ತಿ ಕಮ್ಮಿ. ಎಷ್ಟೋ ತಳಿಗಳಿಗೆ ಚಳಿಗಾಲದಲ್ಲಿ ನೂರಾರು ಗಂಟೆ ಚಳಿ ಬೇಕು, ಕಮ್ಮಿ ಚಳಿ ಸಾಕಾಗುವ ತಳಿ ಹುಡುಕಿ ತರಬೇಕು. ಆನ್‌ಲೈನ್‌ನಲ್ಲಿ ತಳಿಯ ಹೆಸರು ಹೇಳದೆ ಬರೀ 'ಬ್ಲೂಬೆರಿ ಪ್ಲಾಂಟ್' ಅಂತ ಮಾರುವವರಿಂದ ತರಿಸಬೇಡಿ. ಒಂದು ಗಿಡಕ್ಕೆ ಸುರಿಯುವ ದುಡ್ಡಿನಲ್ಲಿ ಹಣ್ಣೇ ಕೊಂಡು ತಿನ್ನಬಹುದು. ಪ್ರಯೋಗದ ಖುಷಿ ಬೇಕು ಅನ್ನುವವರಿಗೆ ನಾನು ಅಡ್ಡ ಬರುವುದಿಲ್ಲ.

ಹಣ್ಣೇ ಬೇಕು ಅಂದರೆ ಅನಾನಸ್ ಕಡೆ ನೋಡಿ. ಇದೂ ಹುಳಿ ಮಣ್ಣಿನದೇ. ಆದರೆ ಇದರಲ್ಲಿ ಒಂದು ಅನುಕೂಲ ಇದೆ. ಎಲೆಗಳು ಸೇರುವ ಬುಡದಲ್ಲಿ ನೀರು ನಿಲ್ಲುತ್ತದಲ್ಲ, ಅಲ್ಲಿಂದಲೂ ಗಿಡ ಆಹಾರ ಹೀರುತ್ತದೆ. ಬೇರಿಗೆ ಸಿಗದ ಕಬ್ಬಿಣವನ್ನು ಎಲೆಯ ಮೇಲೆ ಕೊಡಬಹುದು. ಹವಾಯಿ ದ್ವೀಪದ ತೋಟಗಳಲ್ಲಿ ನೂರು ವರ್ಷದ ಹಿಂದೆಯೇ ಹಳದಿಯಾದ ಅನಾನಸ್ಸಿಗೆ ಅನ್ನಭೇದಿ ದ್ರಾವಣ ಹೊಡೆದು ಬೆಳೆ ಉಳಿಸಿಕೊಂಡಿದ್ದರು. ನೀರು ಕಮ್ಮಿ ಸಾಕು, ಬಿಸಿಲು ತಡೆಯುತ್ತದೆ. ತಿಂದ ಹಣ್ಣಿನ ಜುಟ್ಟನ್ನೇ ನೆಟ್ಟರೆ ಗಿಡ ಪುಕ್ಕಟೆ. ಕಾಯುವ ತಾಳ್ಮೆ ಬೇಕು, ಜುಟ್ಟಿನಿಂದ ಬಂದ ಗಿಡ ಹಣ್ಣು ಕೊಡಲು ಒಂದೂವರೆ-ಎರಡು ವರ್ಷ ಹಿಡಿಯುತ್ತದೆ. ಮುಳ್ಳಿನ ಎಲೆ ಬೇರೆ, ಮಕ್ಕಳು ಓಡಾಡುವ ದಾರಿಯಲ್ಲಿ ಇಡಬೇಡಿ.

ಪೊದೆ ಮೆಣಸು ನನಗೆ ಇಷ್ಟದ ಗಿಡ. ಬಳ್ಳಿಯ ಅಡ್ಡ ರೆಂಬೆಯಿಂದ ಮಾಡಿದ ಸಸಿ, ಹಾಗಾಗಿ ಹಬ್ಬುವುದಿಲ್ಲ, ಕುಂಡದಲ್ಲೇ ಪೊದೆಯಾಗಿ ನಿಂತು ಗೆರೆ (ಮೆಣಸಿನ ಕಾಳಿನ ಗೊಂಚಲು) ಬಿಡುತ್ತದೆ. ನೆರಳು ಇಷ್ಟ, ಆದ್ದರಿಂದ ಬಿಸಿಲೇ ಬೀಳದ ಹಿತ್ತಲಿನವರಿಗೂ ಆಗುತ್ತದೆ. ಮನೆಯ ಸಾರು, ಪೊಂಗಲ್‌ಗೆ ಆಗುವಷ್ಟು ಕಾಳು ಸಿಕ್ಕರೆ ಸಾಕು ಅನ್ನುವವರಿಗೆ ಸರಿ. ಬೇಸಿಗೆಯಲ್ಲಿ ಸುತ್ತ ನಾಲ್ಕು ಕುಂಡ ಒತ್ತಾಗಿಟ್ಟು, ನೆಲಕ್ಕೆ ನೀರು ಚಿಮುಕಿಸಿ ತೇವ ಉಳಿಸಬೇಕು. ನೀರು ನಿಂತರೆ ಮಾತ್ರ ಬೇರು ಕೊಳೆತು ಗಿಡ ಹೋಗುತ್ತದೆ. ಗಂಧರಾಜಕ್ಕೂ ಇದಕ್ಕೂ ಹೋಲಿಸಿದರೆ ಶ್ರಮ ಅಷ್ಟೇ, ಪ್ರತಿಫಲ ಇದರಲ್ಲೇ ಜಾಸ್ತಿ ಅನ್ನುತ್ತೇನೆ.

ಆಂಥೂರಿಯಂ ಬಗ್ಗೆ ಒಂದೇ ಮಾತು. ಅದನ್ನು ತೆಂಗಿನ ಸಿಪ್ಪೆ, ಇದ್ದಿಲ ಚೂರಿನಲ್ಲಿ ಬೆಳೆಸುತ್ತಾರೆ, ಮಣ್ಣೇ ಬೇಕಾಗಿಲ್ಲ. ನೀರು ಸರಿ ಇದ್ದು ನೆರಳಿದ್ದರೆ ಅರ್ಧ ಕೆಲಸ ಮುಗಿಯಿತು.

ಸಂಪಿಗೆ ಮರವಾಗುವ ಜಾತಿ. ವಿನೆಗರ್‌ಗೆ ನೊರೆ ಬಾರದ ಕೆಂಪು ಮಣ್ಣಿನಲ್ಲಿ, ನೀರು ಬಸಿದು ಹೋಗುವ ಕಡೆ ಧಾರಾಳವಾಗಿ ಹಾಕಿ. ಎರೆ ಭೂಮಿಯವರು ಆಸೆ ಬಿಡಿ.

ಇನ್ನು ಅಡಿಕೆ. ಚನ್ನಗಿರಿ ತೋಟಗಳನ್ನು ನೋಡಿ ಬೋರ್ ಕೊರೆಸಿ ಎರೆ ಹೊಲಕ್ಕೂ ಅಡಿಕೆ ಹಾಕುವವರು ಕಮ್ಮಿಯಿಲ್ಲ. ಸುಣ್ಣದ ಮಣ್ಣು, ಅಂಟು ಎರೆ ಎರಡೂ ಅಡಿಕೆಗೆ ಹೇಳಿ ಮಾಡಿಸಿದ್ದಲ್ಲ. ಕುಂಡದ ಗಿಡ ಹೋದರೆ ನೂರು ರೂಪಾಯಿ, ತೋಟ ಹೋದರೆ ವರ್ಷಗಟ್ಟಲೆ ಕಾದದ್ದೇ ದಂಡ. ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸದೆ ಸಸಿ ತರಬೇಡಿ. ಅದೇ ನೆಲದಲ್ಲಿ ದಾಳಿಂಬೆ ಸುಣ್ಣವನ್ನು ಚೆನ್ನಾಗಿ ತಡೆಯುತ್ತದೆ. ಹಿರಿಯೂರು, ಹೊಸದುರ್ಗದವರು ಅದನ್ನು ಮಾಡಿ ತೋರಿಸಿದ್ದಾರೆ. ಅಂಜೂರ, ಸೀತಾಫಲ, ಎಲಚಿ ಕೂಡ ನಮ್ಮ ಮಣ್ಣಿನಲ್ಲಿ ಗೋಳಾಡದೆ ಬರುವ ಗಿಡಗಳು.

ಮಣ್ಣು ಸರಿ ಮಾಡುವುದಾ, ಕುಂಡವಾ, ಔಷಧಿಯಾ?

ಗಂಧಕ ಹಾಕಿ ನೆಲದ ಪಿಎಚ್ ಇಳಿಸಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಸುಣ್ಣ ಇಲ್ಲದ ಮಣ್ಣಿನಲ್ಲಿ ಆ ಮಾತು ಸರಿ. ನೊರೆ ಬರುವ ಮಣ್ಣಿನಲ್ಲಿ ಲೆಕ್ಕ ಹೀಗಾಗುತ್ತದೆ: ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದಡಿ ಆಳದ ಪಾತಿಯಲ್ಲಿ ಸುಮಾರು 400 ಕೆಜಿ ಮಣ್ಣು ಇರುತ್ತದೆ. ಅದರಲ್ಲಿ ಶೇಕಡಾ 5 ಸುಣ್ಣ ಅಂದರೆ 20 ಕೆಜಿ. ಅಷ್ಟು ಸುಣ್ಣ ಕರಗಿಸಲು ಆರು ಕೆಜಿಗಿಂತ ಜಾಸ್ತಿ ಗಂಧಕ ಬೇಕು, ಅದೂ ಒಂದು ಸಣ್ಣ ಪಾತಿಗೆ. ಸುಣ್ಣ ಪೂರ್ತಿ ಮುಗಿಯುವ ತನಕ ಪಿಎಚ್ ಹೆಚ್ಚೇನೂ ಇಳಿಯುವುದಿಲ್ಲ. ಆಮೇಲೆ ಪಕ್ಕದ ಮಣ್ಣಿನಿಂದ, ಬೋರ್ ನೀರಿನಿಂದ ಮತ್ತೆ ಸುಣ್ಣ ಬರುತ್ತದೆ. ಇದು ಕೆಲಸಕ್ಕೆ ಬಾರದ ದಾರಿ. ಜಿಪ್ಸಂ ಹಾಕಿ ಅನ್ನುವವರೂ ಇದ್ದಾರೆ. ಅದು ಸೋಡಿಯಂ ತುಂಬಿದ ಚೌಳು ಮಣ್ಣಿಗೆ ಮದ್ದು, ಸುಣ್ಣದ ಮಣ್ಣಿನ ಪಿಎಚ್ ಅದರಿಂದ ಇಳಿಯದು.

ಏರುಮಡಿ ಮಾಡುವುದು ಒಂದು ನಡುದಾರಿ. ಎರೆ ನೆಲದ ಮೇಲೆ ಎರಡಡಿ ಎತ್ತರಕ್ಕೆ ಬೇರೆ ಮಣ್ಣು ತುಂಬಿಸಿದರೆ ಕೇಪಳದ ಸಾಲಿಗೆ ಆಗುತ್ತದೆ. ಖರ್ಚು ಜಾಸ್ತಿ, ಕೆಳಗಿನ ಸುಣ್ಣದ ಭಯ ಪೂರ್ತಿ ಹೋಗುವುದಿಲ್ಲ. ಜೊತೆಗೆ ಕಟ್ಟೆಯನ್ನು ಸಿಮೆಂಟಿನಲ್ಲಿ ಕಟ್ಟಿಸುತ್ತಾರೆ, ಅದೇ ಸುಣ್ಣ ಬಿಡುತ್ತದೆ. ಹಾಗಾಗಿ ನನ್ನ ಓಟು ಕುಂಡಕ್ಕೆ. ಮಣ್ಣಿನ ಕುಂಡ ಅಥವಾ ಪ್ಲಾಸ್ಟಿಕ್, ಹೊಸ ಸಿಮೆಂಟ್ ಕುಂಡ ಬೇಡ. ಎರಡು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ಕೊಳೆತ ಎಲೆ ಗೊಬ್ಬರ, ಒಂದು ಪಾಲು ನೊರೆ ಬಾರದ ಕೆಂಪು ಮಣ್ಣು. ಒಂದು ಹಿಡಿ ದಪ್ಪ ಮರಳು. ನಾರಿನ ಪುಡಿಯ ಉಪ್ಪು ಹೋಗಲು ಎರಡು ಮೂರು ಸಲ ನೆನೆಸಿ ಹಿಂಡಿ, ಕೊನೆಯ ಸಲ ಮಳೆ ನೀರಿನಲ್ಲಿ. ಒಲೆಯ ಬೂದಿ, ಮೊಟ್ಟೆ ಸಿಪ್ಪೆ, ಮೂಳೆ ಪುಡಿ ಒಂದೂ ಈ ಕುಂಡದ ಹತ್ತಿರ ಬರಬಾರದು. ತಿಂಗಳಿಗೊಮ್ಮೆ ಅರ್ಧ ಚಮಚ ಅಮೋನಿಯಂ ಸಲ್ಫೇಟ್ ನೀರಿನಲ್ಲಿ ಕರಗಿಸಿ ಹಾಕಿ. ಆ ಗೊಬ್ಬರ ಮಣ್ಣನ್ನು ಹುಳಿ ಕಡೆಗೇ ಎಳೆಯುತ್ತದೆ.

ಬೋರ್ ನೀರೇ ಗತಿ ಅನ್ನುವವರು ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಕೆಟ್‌ಗೆ ಚಿಟಿಕೆ ಚಿಟಿಕೆಯಾಗಿ ಕರಗಿಸಿ, ಪಿಎಚ್ ಅಳೆಯುವ ಕಾಗದದ ಪಟ್ಟಿ 6 ತೋರಿಸುವಲ್ಲಿಗೆ ನಿಲ್ಲಿಸಿ. ತಾತ್ಕಾಲಿಕ ಉಪಾಯ ಇದು. ಉಪ್ಪಿನ ಅಂಶ ಕುಂಡದಲ್ಲಿ ಉಳಿದೇ ಉಳಿಯುತ್ತದೆ, ಮಳೆಗಾಲದಲ್ಲಿ ಕುಂಡಗಳನ್ನು ಮಳೆಗೆ ಇಟ್ಟು ತೊಳೆಸಬೇಕು.

ಹಳದಿ ಬಂದಮೇಲೆ ಕೊಡುವ ಕಬ್ಬಿಣದಲ್ಲೂ ಆಯ್ಕೆ ಇದೆ. ಅಗ್ಗದ್ದು ಅನ್ನಭೇದಿ: ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ನಿಂಬೆ ಉಪ್ಪು, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, 10-15 ದಿನಕ್ಕೊಮ್ಮೆ. ನೆಲದ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕೆಳಗೆ ಗೋಣಿಚೀಲ ಹಾಸಿಕೊಳ್ಳಿ. ಅದನ್ನು ಸುಣ್ಣದ ಮಣ್ಣಿಗೆ ಸುರಿದರೆ ದಂಡ, ಅಲ್ಲೇ ಕಟ್ಟಿಕೊಂಡು ಬಿಡುತ್ತದೆ. ಮಣ್ಣಿಗೆ ಹಾಕುವುದಾದರೆ ಚೀಲೇಟ್, ಅಂದರೆ ಕಬ್ಬಿಣ ಮಣ್ಣಿನಲ್ಲಿ ಕಟ್ಟಿಕೊಳ್ಳದ ಹಾಗೆ ಹಿಡಿದಿಡುವ ಪುಡಿ ಬೇಕು, ಅದರಲ್ಲೂ ಚೀಟಿ ಓದಿ ಕೊಳ್ಳಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಇಡಿಟಿಎ ಕಬ್ಬಿಣ. ಅದು ಪಿಎಚ್ 6.5 ದಾಟಿದರೆ ಕಬ್ಬಿಣವನ್ನು ಹಿಡಿದಿಡಲಾರದು, ಎಲೆಗೆ ಸಿಂಪಡಿಸಲು ಮಾತ್ರ ಸರಿ. ನಮ್ಮ ಮಣ್ಣಿಗೆ ಆಗುವುದು ಇಡಿಡಿಎಚ್‌ಎ. ಕಡು ಕೆಂಪು-ಕಂದು ಪುಡಿ, ನೀರಿಗೆ ಹಾಕಿದರೆ ಬೀಟ್‌ರೂಟ್ ಬಣ್ಣ ಬಿಡುತ್ತದೆ, ಪಿಎಚ್ 9ರಲ್ಲೂ ಕೆಲಸ ಮಾಡುತ್ತದೆ. ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ, ಆದರೆ ಒಂದು ಕುಂಡಕ್ಕೆ ಒಂದೆರಡು ಗ್ರಾಂ ಸಾಕು. ಎರಡು ಮೂರು ಕುಂಡದವರು ಅನ್ನಭೇದಿಯಲ್ಲೇ ಸುಧಾರಿಸಬಹುದು. ನೆಲದಲ್ಲಿ ಬೇರೂರಿದ ಹಳೆ ಗಿಡ ಉಳಿಸಿಕೊಳ್ಳಬೇಕಾದವರಿಗೆ ದುಬಾರಿಯದೇ ಕೊನೆಗೆ ಅಗ್ಗ.

ಗಿಡ ತರುವುದಾದರೆ ಜೂನ್‌ನಲ್ಲಿ ತನ್ನಿ, ಬೇಸಿಗೆಗೆ ಮುಂಚೆ ಅದಕ್ಕೆ ಎಂಟು ತಿಂಗಳು ಸಿಗುತ್ತದೆ. ನರ್ಸರಿಯಲ್ಲಿ ಕವರಿನ ತಳ ನೋಡಿ. ಬೇರು ಸುತ್ತಿ ಸುತ್ತಿ ಉಂಡೆ ಕಟ್ಟಿದ್ದರೆ ಬಿಟ್ಟು ಬೇರೆಯದು ಆರಿಸಿ. ಮನೆಗೆ ತಂದಮೇಲೆ ಬೇರಿಗೆ ಅಂಟಿದ ಮಲೆನಾಡಿನ ಕೆಂಪು ಮಣ್ಣನ್ನು ತೊಳೆಯಬೇಡಿ, ಹಾಗೇ ಕುಂಡಕ್ಕೆ ಇಳಿಸಿ. ಎರಡು ವಾರ ನೆರಳಲ್ಲಿಟ್ಟು ಆಮೇಲೆ ಅದರ ಜಾಗಕ್ಕೆ ಇಡಿ. ಮಳೆ ನೀರು ಹಿಡಿಯುವ ಟ್ಯಾಂಕ್ ಮಾತ್ರ ಗಿಡಕ್ಕಿಂತ ಮುಂಚೆ ಬರಲಿ.